ಚಕ್ರ ಹಾಕುವ ದಿನ

ತಾರೀಖು ಹನ್ನೊಂದು, ಬುಧವಾರ
ಮಕ್ಕಳ ವಾರ್ಡು, ಕಿಟಕಿಯ ಪಕ್ಕ

ನನ್ನ ಪ್ರೀತಿಯ ಇವಳೇ,

ನೀನು, ಪಾಪು, ಅತ್ತೆಯವರು ಮೂವರೂ ಚೆನ್ನಾಗಿದ್ದೀರಿ ಎಂದುಕೊಂಡೇ ಈ ಕಾಗದ ಶುರು ಮಾಡುತ್ತಿದ್ದೇನೆ. ನಿನ್ನ ಎರಡು ಕಾಗದಗಳೂ ಸಿಕ್ಕಿದವು. ಒಂದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯುವುದೆಲ್ಲ ಬೈದುಬಿಡು, ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ. ಕೆಳಗಿನ ಅಂಗಡಿಯ ಫೋನಿನಲ್ಲಿ ಮಾತಾಡಬಹುದಿತ್ತು. ಆದರೆ ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮಿ ಕೆಮ್ಮಿ ಅವಸರಪಡಿಸುವಾಗ ಹೇಳುವ ಮಾತಲ್ಲ ಇದು. ನಮ್ಮ ಗ್ಯಾರೇಜಿನ ಮೀಸೆ ಡ್ರೈವರ್ ಇವತ್ತು ಈ ಊರಿಗೆ ಗಾಡಿ ತಂದಿದ್ದಾನೆ. ಸಂಜೆ ವಾಪಸ್ಸು ಹೊರಡುತ್ತಾನೆ, ಬೆಳಿಗ್ಗೆ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಪಾಪುವನ್ನು ಅತ್ತೆಯವರ ಕೈಗೆ ಕೊಟ್ಟು, ಕೂತುಕೊಂಡು ಓದು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಶನಿವಾರ ನಾನೂ ಮಗಳೂ ಮನೆಗೆ ಬರುತ್ತಿದ್ದೇವೆ. ಇದನ್ನು ಓದಿ ನೀನು ಸಂತೋಷಪಡಬೇಡ. ಸಂತೋಷಪಟ್ಟು ನಾನು ಮಾಡಿಕೊಂಡ ಅನಾಹುತವನ್ನೇ ನಿನಗೆ ಬರೆಯಬೇಕಾಗಿದೆ. ಎಲ್ಲಿಂದ ಶುರು ಮಾಡಲಿ ಎಂದು ತಿಳಿಯುತ್ತಿಲ್ಲ. ಗಾಡಿಗಳಿಂದಲೇ ಮಾಡುತ್ತೇನೆ.

ವಾರ್ಡಿಗೆ ಒಬ್ಬ ಟೀಚರ್ ಬರುತ್ತಾರೆ ಎಂದು ಹಿಂದೆ ಬರೆದಿದ್ದೆನಲ್ಲ, ಮಕ್ಕಳೆಲ್ಲ ಅವರನ್ನು ಪೇಪರ್ ಟೀಚರ್ ಎನ್ನುತ್ತಾರೆ. ಹೆಗಲಿಗೊಂದು ಚೀಲ, ಅದರೊಳಗೆ ಹಳೆ ಕ್ಯಾಲೆಂಡರು, ಔಷಧಿಯ ಖಾಲಿ ಡಬ್ಬಿಗಳು, ಗೋಂದು, ಮೊಂಡು ಮೂತಿಯ ಕತ್ತರಿ. ಹೇಳಿಕೊಡುವುದು ಗಾಡಿಗಳನ್ನು ಮಾತ್ರ. ಹೂವು ಹಕ್ಕಿ ಮಾಡಿಸುವುದಿಲ್ಲವೇ ಎಂದು ನಾನೇ ಒಮ್ಮೆ ಕೇಳಿದೆ. ಹಾಸಿಗೆ ಹಿಡಿದ ಮಕ್ಕಳಿಗೆ ಓಡುವುದರ ಮೇಲೇ ಕಣ್ಣು ಎಂದರು. ಕಿಟಕಿಯ ಕಟ್ಟೆಯ ಉದ್ದಕ್ಕೂ ಜೀಪು, ಲಾರಿ, ಹಾಲಿನ ವ್ಯಾನು ಎಲ್ಲ ಸಾಲಾಗಿ ನಿಂತಿವೆ. ಆಂಬುಲೆನ್ಸನ್ನು ಮಾತ್ರ ಯಾವ ಮಗುವೂ ಮಾಡುವುದಿಲ್ಲ.

ನಿಂತಿವೆ ಎಂದೆ, ಆದರೆ ಒಂದಕ್ಕೂ ಚಕ್ರವಿಲ್ಲ. ಎಲ್ಲವೂ ಹೊಟ್ಟೆಯ ಮೇಲೆ ಕೂತಿವೆ. ಮೊದಲೆಲ್ಲ ಚಕ್ರ ಹಾಕಿಯೇ ಇಡುತ್ತಿದ್ದರಂತೆ. ಗಾಳಿಗೆ ಉರುಳಿ ಕೆಳಗೆ ಬಿದ್ದು, ಗುಡಿಸುವ ಆಯಾ ಕಸದ ಜೊತೆ ಬಳಿದುಕೊಂಡು ಹೋಗಿ, ಮಕ್ಕಳು ವಾರ್ಡು ಕಿತ್ತುಹೋಗುವ ಹಾಗೆ ಅತ್ತು ರಂಪ ಮಾಡುತ್ತಿದ್ದರಂತೆ. ಅದಕ್ಕೆ ಟೀಚರು, ಮನೆಗೆ ಹೋಗುವ ಹೊತ್ತಿಗೆ ಚಕ್ರ ಹಾಕಿಕೊಡುತ್ತೇನೆ ಎಂದು ಒಂದು ಏರ್ಪಾಟು ಮಾಡಿದರು. ಮಕ್ಕಳು ಅದನ್ನೇ ಕಾನೂನು ಮಾಡಿಕೊಂಡವು. ಈಗ ಇಲ್ಲಿ ವಾಸಿಯಾಯಿತೇ ಎಂದು ಯಾವ ಮಗುವೂ ಕೇಳುವುದಿಲ್ಲ. ಚಕ್ರ ಯಾವಾಗ ಎಂದು ಕೇಳುತ್ತವೆ.

ನಿನ್ನ ಮಗಳು ಈ ಕೆಲಸದಲ್ಲಿ ಮೇಸ್ತ್ರಿಯಾಗಿಬಿಟ್ಟಿದ್ದಾಳೆ. ಅವಳ ಎಡಗೈಗೆ ಸೂಜಿ ಚುಚ್ಚಿ ಪಟ್ಟಿ ಹಾಕಿರುವುದರಿಂದ ಆ ಕೈಯ ಕೆಲಸವೆಲ್ಲ ನನ್ನದು. ಅವಳು ಕತ್ತರಿಸುತ್ತಾಳೆ, ನಾನು ಹಿಡಿದುಕೊಳ್ಳಬೇಕು. ಮಡಚುವ ಮೊದಲು ಖಾಲಿ ರೀಫಿಲ್ಲಿನಿಂದ ಗೆರೆ ಎಳೆಯದಿದ್ದರೆ ನನ್ನ ಗತಿ ಮುಗಿಯಿತು. ಗ್ಯಾರೇಜಿನಲ್ಲಿ ಇಷ್ಟು ವರ್ಷ ಯಾವ ಮೇಸ್ತ್ರಿಯಿಂದಲೂ ನಾನು ಇಷ್ಟು ಬೈಸಿಕೊಂಡಿಲ್ಲ. ಒಂದು ದಿನ ಅಭ್ಯಾಸಕ್ಕೆಂದು ರಟ್ಟಿನ ಚಕ್ರ ಕತ್ತರಿಸಿ ಕಡ್ಡಿಗೆ ಸಿಕ್ಕಿಸಿದೆ. ಅದು ಕುಡುಕನ ಹಾಗೆ ಓಲಾಡಿತು. ಅಪ್ಪಾ, ನೀನು ರಿಪೇರಿ ಮಾಡಿದ ಬಸ್ಸಲ್ಲಿ ಜನ ಹೇಗೆ ಕೂರ್ತಾರೆ ಎಂದು ಇಡೀ ವಾರ್ಡಿಗೆ ಕೇಳುವಂತೆ ಕೇಳಿದಳು. ಪಕ್ಕದ ಹಾಸಿಗೆಯ ಹುಡುಗಿ ನಕ್ಕು ನಕ್ಕು ಬಿಕ್ಕಳಿಸಿದಳು. ಆ ಹುಡುಗಿಗೆ ಮುಂದಿನ ಹಲ್ಲುಗಳಿಲ್ಲ, ಇವಳು ಇಟ್ಟ ಹೆಸರು ಬೊಚ್ಚಿ. ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟು ಹಾಲು ಕೂಡ ಇಳಿಯುವುದಿಲ್ಲ. ಬೊಚ್ಚಿಯದು ಜೀಪು.

ನಮ್ಮ ಮೇಸ್ತ್ರಿಯದು ಬಸ್ಸು. ಟಾನಿಕ್ಕಿನ ಉದ್ದನೆಯ ಡಬ್ಬಿಗೆ ಕ್ಯಾಲೆಂಡರಿನ ಹಿಂಬದಿಯ ಬಿಳಿ ಹಾಳೆ ಅಂಟಿಸಿ, ಕೆಂಪು ಬಣ್ಣ ಬಳಿದು, ಕಿಟಕಿಗಳನ್ನು ಬರೆದಿದ್ದಾಳೆ. ಒಂದೊಂದು ಕಿಟಕಿಗೂ ಒಂದು ಮುಖ. ನೀನಿದ್ದೀಯ, ಮೂಗುತಿ ದೊಡ್ಡದಾಯಿತು. ನನಗೆ ಕೂದಲು ಕಡಿಮೆ ಬರೆದಿದ್ದಾಳೆ, ಇರುವುದನ್ನೇ ಬರೆದಿದ್ದಾಳೆ ಎನ್ನು. ಅತ್ತೆಯವರು ನಿದ್ದೆ ಮಾಡುತ್ತಿದ್ದಾರೆ. ಡ್ರೈವರ್ ಸೀಟಿನಲ್ಲಿ ಅವಳೇ. ನಿನ್ನ ಪಕ್ಕದ ಕಿಟಕಿ ಖಾಲಿ. ಪಾಪುವಿನ ಮುಖ ತಾನಿನ್ನೂ ನೋಡಿಲ್ಲವಲ್ಲ, ನೋಡದೆ ಬರೆದರೆ ತಮ್ಮನಿಗೆ ಬೇಜಾರಾಗುತ್ತದೆ, ಮನೆಗೆ ಹೋಗಿ ಅವನನ್ನು ಎದುರಿಗೆ ಕೂರಿಸಿಕೊಂಡು ಬರೆಯುತ್ತೇನೆ ಎಂದಳು. ಹಸುಗೂಸು ಹೇಗೆ ಕೂರುತ್ತದೆ ಎಂದರೆ, ನೀನು ಹಿಡ್ಕೋ, ನಿನಗೆ ಅಭ್ಯಾಸ ಇದೆ ಎನ್ನುತ್ತಾಳೆ.

ಇನ್ನೊಂದು ಸಂಗತಿ ಇದೆ. ಔಷಧಿಯ ಕಪಾಟಿನ ಮೇಲೆ ಒಂದು ಹಳೆಯ ಅಗ್ನಿಶಾಮಕ ಗಾಡಿ ಧೂಳು ತಿನ್ನುತ್ತಾ ಕೂತಿದೆ. ಏಣಿಯೆಲ್ಲ ಇಟ್ಟು ಬಹಳ ಚೆನ್ನಾಗಿ ಮಾಡಿದ್ದು. ಚಕ್ರವಿಲ್ಲ. ಅದು ಯಾರದು ಎಂದು ಇವಳು ಟೀಚರನ್ನು ಕೇಳಿದಳು. ಒಬ್ಬ ಅಣ್ಣನದು, ಮನೆಗೆ ಹೋದ ಎಂದರು ಟೀಚರು. ಚಕ್ರ ಹಾಕಿಸಿಕೊಳ್ಳದೆಯೇ ಹೋದನಾ ಎಂದು ಇವಳು ಮತ್ತೆ ಕೇಳಿದಳು. ಟೀಚರು ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಆಮೇಲೆ ಇವಳು ಆ ವಿಷಯ ಎತ್ತಲಿಲ್ಲ. ಮರೆತಳು ಎಂದುಕೊಂಡೆ.

ಈಗ ಸೋಮವಾರದ್ದು ಹೇಳುತ್ತೇನೆ. ದೊಡ್ಡ ಡಾಕ್ಟರು ತಮ್ಮ ಕೋಣೆಗೆ ಕರೆಸಿ ಕೂರಿಸಿದರು. ಮೂಗಿನ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಶನಿವಾರ ಮಗುವನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಷ್ಟೇ ಸಾಕಾಯಿತು ನೋಡು ನನಗೆ. ರಿಪೇರಿಯಾಗದ ಗಾಡಿಯನ್ನು ಗ್ಯಾರೇಜಿನ ಗೇಟು ದಾಟಿಸಿ ಗೊತ್ತಿಲ್ಲದವನು ನಾನು. ಕುರ್ಚಿಯಿಂದ ಎದ್ದೆ, ಕೈ ಮುಗಿದೆ, ಅವರು ಏನೋ ಹೇಳುತ್ತಲೇ ಇದ್ದರು, ನಾನು ಕಾರಿಡಾರಿನಲ್ಲಿದ್ದೆ. ಈ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಿದ್ದು ಅದೇ. ವಾರ್ಡಿನ ಬಾಗಿಲಲ್ಲೇ ನಿಂತು, ಮೇಸ್ತ್ರೀ, ಚಕ್ರ ಎಂದು ಕೂಗಿದೆ.

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು. ಕೈ ಎತ್ತಲಾಗದವರು ಮಂಚ ಬಡಿದರು. ಡಾಕ್ಟರು ಏನೇನು ಹೇಳಿದರು ಎಂದು ಪೇಪರ್ ಟೀಚರ್ ಮೆಲ್ಲಗೆ ಕೇಳಿದರು. ಮನೆಗೆ ಅಂದರು ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಕೈಯಲ್ಲೇ ಇದ್ದ ಕತ್ತರಿಯನ್ನು ಚೀಲದಲ್ಲಿ ಬಹಳ ಹೊತ್ತು ಹುಡುಕಿದರು. ಆಮೇಲೆ ಬಾಟಲಿಯ ಮುಚ್ಚಳವಿಟ್ಟು ರಟ್ಟಿನ ಮೇಲೆ ದುಂಡಗೆ ಗೆರೆ ಎಳೆದುಕೊಟ್ಟರು. ನಾನು ಕತ್ತರಿಸಿದೆ. ಈ ಸಲ ಚಕ್ರ ಓಲಾಡಲಿಲ್ಲ. ಪೊರಕೆ ಕಡ್ಡಿಯನ್ನು ಜ್ಯೂಸು ಕುಡಿಯುವ ಕೊಳವೆಯೊಳಗೆ ತೂರಿಸಿ, ಎರಡೂ ತುದಿಗೆ ಚಕ್ರ ಸಿಕ್ಕಿಸಿ, ಗೋಂದು ಹಚ್ಚಿ ಬಸ್ಸಿನ ಹೊಟ್ಟೆಗೆ ಅಂಟಿಸಿ, ಊಟದ ತಟ್ಟೆಯ ಮೇಲಿಟ್ಟು ತಳ್ಳಿದೆ. ಬಸ್ಸು ಸುಯ್ಯೆಂದು ಆ ತುದಿಯವರೆಗೆ ಹೋಯಿತು. ಅವಳ ಮುಖ ನೀನು ನೋಡಬೇಕಿತ್ತು ಕಣೇ. ನಾನು ಸಾಯುವವರೆಗೂ ಆ ಮುಖವೊಂದೇ ಸಾಕು ನನಗೆ, ಅದನ್ನು ನೆನೆಯುವಷ್ಟು ಶಕ್ತಿ ಇದ್ದರೆ.

ಗೋಂದು ಇನ್ನೂ ಒಣಗಿರಲಿಲ್ಲ, ಸಿಸ್ಟರ್ ಬಂದು ಭುಜ ಮುಟ್ಟಿದರು. ಡಾಕ್ಟರು ಮಾತು ಮುಗಿಸುವ ಮುಂಚೆ ನೀವು ಎದ್ದು ಬಂದಿರಂತೆ, ಮತ್ತೆ ಕರೆಯುತ್ತಿದ್ದಾರೆ ಎಂದರು. ಹೋದೆ. ಡಾಕ್ಟರು ಈ ಸಲ ಬಾಗಿಲು ಹಾಕಿದರು.

"ಔಷಧಿ ಕೆಲಸ ಮಾಡ್ತಿಲ್ಲಪ್ಪ. ಇಲ್ಲಿ ಇಟ್ಕೊಂಡು ಇನ್ನೂ ಚುಚ್ಚೋದ್ರಿಂದ ಅವಳಿಗೆ ನೋವು ಬಿಟ್ಟು ಬೇರೇನೂ ಸಿಗಲ್ಲ. ಇರೋಷ್ಟು ದಿನ ಅಮ್ಮನ ಮಗ್ಗುಲಲ್ಲಿ ಇರಲಿ."

ಬೇರೆ ಆಸ್ಪತ್ರೆ ಎಂದೆ. ತಲೆ ಅಲ್ಲಾಡಿಸಿದರು. ಬೇರೆ ಔಷಧಿ ಎಂದೆ. ಅದಕ್ಕೂ ಅಲ್ಲಾಡಿಸಿದರು. ನನ್ನ ರಕ್ತ, ನನ್ನ ಮೂಳೆ, ಏನು ಬೇಕಾದರೂ ತೆಗೆದುಕೊಳ್ಳಿ ಎಂದೆ. ಅವರು ನೀರಿನ ಲೋಟ ನನ್ನ ಕಡೆ ಸರಿಸಿದರು.

ಇವಳೇ, ಇದೇ ಸಂಗತಿ. ಹೇಗೆ ತಿರುಗಿಸಿ ಬರೆದರೂ ಇಷ್ಟೇ. ಎರಡು ದಿನದಿಂದ ಪೆನ್ನು ಹಿಡಿದು ಕೂತಿದ್ದು ಇದನ್ನು ಮೆತ್ತಗೆ ಹೇಳುವ ದಾರಿ ಸಿಗುತ್ತದೇನೋ ಎಂದು. ಸಿಗಲಿಲ್ಲ. ನನಗೆ ಈಗ ಯಾರ ಮೇಲೂ ಸಿಟ್ಟಿಲ್ಲ, ಸಿಟ್ಟಿಗೂ ಒಂದಿಷ್ಟು ಕಸುವು ಬೇಕು. ಎದ್ದು ಹಲ್ಲುಜ್ಜುತ್ತೇನೆ, ಬ್ರೆಡ್ಡು ತರುತ್ತೇನೆ, ಅವಳ ಕಾಲು ಒತ್ತುತ್ತೇನೆ. ಎಲ್ಲ ಬೇರೆ ಯಾರೋ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅತ್ತರೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ಅದೂ ಸುಳ್ಳು.

ವಾಪಸ್ಸು ಬಂದಾಗ ಅವಳು ಬಸ್ಸನ್ನು ಎದೆಯ ಮೇಲೆ ಇಟ್ಟುಕೊಂಡಿದ್ದಳು. ಡಾಕ್ಟರು ಮತ್ಯಾಕೆ ಕರೆದರು ಎಂದಳು. ಬಸ್ಸಿನಲ್ಲಿ ಸೀಟು ಹಿಡಿಯುವ ಬಗ್ಗೆ ಹೇಳಿದರು ಎಂದೆ. ಹೊರಗೆ ಬಂದು ಪೇಪರ್ ಟೀಚರನ್ನು ಕೇಳಿದೆ, ಈಗ ಏನು ಮಾಡಲಿ, ಚಕ್ರ ತೆಗೆದುಬಿಡಿ ಎಂದೆ. ಬಾಯಿಗೆ ಬಂದದ್ದು ಅದು. "ಹಾಕಿದ ಚಕ್ರ ತೆಗೆಯೋದು ನನ್ನ ಕೈಲಿ ಆಗಲ್ಲ. ಅವಳು ನಂಬ್ಕೊಂಡಿದ್ದಾಳೆ, ಇರಲಿ ಬಿಡಿ," ಎಂದರು. ಅವರ ಕಣ್ಣು ನನ್ನದಕ್ಕಿಂತ ಕೆಂಪಗಿತ್ತು.

ಆದ್ದರಿಂದ ನಿನ್ನಲ್ಲಿ ನನ್ನ ಬೇಡಿಕೆ ಇಷ್ಟೇ. ವಾಸಿಯಾಗಿಯೇ ಮನೆಗೆ ಹೋಗುತ್ತಿದ್ದೇನೆ ಎಂದು ಅವಳು ನಂಬಿದ್ದಾಳೆ. ಆ ನಂಬಿಕೆ ಕೊನೆಯವರೆಗೂ ಅವಳ ಹತ್ತಿರ ಇರಬೇಕು. ಅದನ್ನು ಬಿಟ್ಟು ಅವಳಿಗೆ ಕೊಡಲು ನಮ್ಮ ಕೈಯಲ್ಲಿ ಮತ್ತೇನೂ ಉಳಿದಿಲ್ಲ. ಅಳುವುದೆಲ್ಲ ಶನಿವಾರದೊಳಗೆ ಅತ್ತುಬಿಡು. ಬಾಗಿಲು ತೆಗೆದಾಗ ನಗದಿದ್ದರೂ ಪರವಾಗಿಲ್ಲ, ನೀನು ಸಾಮಾನ್ಯವಾಗಿ ಗೊಣಗುವ ಹಾಗೆ, ಇಷ್ಟು ತಡವೇಕೆ ಎಂದು ಗೊಣಗು. ಅವಳು ಬಸ್ಸು ತೋರಿಸುತ್ತಾಳೆ. ಆಗ ಅದನ್ನು ನೆಲದ ಮೇಲಿಟ್ಟು ಒಂದು ಸಲ ತಳ್ಳು. ಎಷ್ಟು ಚೆನ್ನಾಗಿ ಓಡುತ್ತದೆ ಅನ್ನು. ನಿನ್ನ ಬಾಯಿಂದ ಅಷ್ಟು ಬಂದರೆ ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ. ಅತ್ತೆಯವರಿಗೂ ತಿಳಿಸಿ ಹೇಳು, ಅವರು ತಬ್ಬಿಕೊಂಡು ಶುರು ಮಾಡಿದರೆ ಎಲ್ಲ ಹೋಯಿತು. ಅವಳ ಹಾಸಿಗೆಯನ್ನು ಬೀದಿ ಕಾಣುವ ಕಿಟಕಿಯ ಹತ್ತಿರ ಹಾಕು. ನಿಜವಾದ ಬಸ್ಸು ಹೋಗುವುದನ್ನು ನೋಡಲಿ.

ನೀನು ಊಟ ಬಿಡಬೇಡ, ಪಾಪುವಿಗೆ ಹಾಲು ಬೇಕು. ಅವನಿಗೆ ನನ್ನ ಆಶೀರ್ವಾದ, ಅತ್ತೆಯವರಿಗೆ ನಮಸ್ಕಾರ ತಿಳಿಸು. ನಿನಗೆ ಏನು ಹೇಳಲಿ, ನಿನ್ನ ಪಕ್ಕದಲ್ಲಿ ಕೂತು ಇದನ್ನು ಹೇಳಬೇಕಾಗಿತ್ತು. ಅದೊಂದು ಆಗಲಿಲ್ಲ.

ನಿನ್ನ
"ರೀ"

ತಾ.ಕ.: ಮೀಸೆ ಡ್ರೈವರ್ ಇನ್ನೂ ಬಂದಿಲ್ಲ, ಟಯರು ಬದಲಾಯಿಸುತ್ತಿದ್ದಾನಂತೆ. ಅಂಟಿಸಿದ್ದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ.

ಕಾಗದ ಮುಗಿಸಿ ಔಷಧಿ ತರಲು ಕೆಳಗೆ ಹೋಗಿದ್ದೆ. ಬಂದು ನೋಡಿದರೆ ನಮ್ಮ ಬಸ್ಸು ಮತ್ತೆ ಕಿಟಕಿಯ ಕಟ್ಟೆಯ ಮೇಲೆ, ಹೊಟ್ಟೆಯ ಮೇಲೆ ಕೂತಿದೆ. ಚಕ್ರಗಳು ಕಡ್ಡಿ ಸಮೇತ ಬೊಚ್ಚಿಯ ಜೀಪಿನೊಳಗೆ ಜೋಪಾನವಾಗಿ ಮಲಗಿವೆ. ಬೊಚ್ಚಿ ನಿದ್ದೆ ಹೋಗಿದ್ದಳು. ಯಾಕೆ ಹೀಗೆ ಮಾಡಿದೆ ಎಂದು ಇವಳನ್ನು ಕೇಳಿದೆ.

"ಬೊಚ್ಚಿ ವಾಸಿಯಾಗಿ ಹೋಗೋಳಲ್ವಾ ಅಪ್ಪ. ಚಕ್ರ ಅವಳಿಗೆ ಬೇಕಾಗುತ್ತೆ."

ನೀನೂ ಮನೆಗೆ ಹೋಗುತ್ತಿದ್ದೀಯಲ್ಲ ಮೇಸ್ತ್ರಿ ಎಂದೆ. ಹೂಂ, ಹೋಗ್ತಿದ್ದೀನಿ ಎಂದು ನನ್ನ ಕೈ ಸವರಿದಳು, ಸಣ್ಣ ಮಗುವಿಗೆ ಸಮಾಧಾನ ಮಾಡುವ ಹಾಗೆ. ಕಪಾಟಿನ ಮೇಲಿನ ಆ ಗಾಡಿಯನ್ನು ಅವಳು ಮರೆತೇ ಇರಲಿಲ್ಲ. ಆಮೇಲೆ ಬಸ್ಸು ಹಿಡ್ಕೋ ಎಂದಳು. ಹಿಡಿದೆ. ಕಪ್ಪು ಬಣ್ಣದ ಕಡ್ಡಿಯಿಂದ ಬಸ್ಸಿನ ಎರಡೂ ಪಕ್ಕಕ್ಕೆ ದುಂಡಗೆ ಚಕ್ರ ಬರೆದಳು. ಮೇಜಿನ ಮೇಲಿಟ್ಟು ದೂರದಿಂದ ನೋಡಿದರೆ ನಿಜವಾದ ಚಕ್ರದ ಹಾಗೇ ಕಾಣುತ್ತದೆ. "ಅಮ್ಮನಿಗೆ ಹೇಳಬೇಡ. ಅಮ್ಮ ಚಕ್ರ ಇದೆ ಅಂತಾನೇ ಅಂದ್ಕೊಂಡಿರಲಿ," ಎಂದಳು. ಆಗಲಿ ಎಂದು ಮಾತು ಕೊಟ್ಟೆ.

ಕೊಟ್ಟ ಮಾತನ್ನು ಆಗಲೇ ಮುರಿದಿದ್ದೇನೆ, ಬೇರೆ ದಾರಿಯಿಲ್ಲ. ಮೇಲೆ ನಾನು ಬರೆದದ್ದನ್ನು ಮರೆತುಬಿಡು. ಕಿಟಕಿಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳು, ಮೂಗುತಿ ಇಷ್ಟು ದೊಡ್ಡದೇ ಎಂದು ಜಗಳ ಮಾಡು, ಪಾಪುವನ್ನು ಎದುರಿಗೆ ಹಿಡಿದು ಆ ಖಾಲಿ ಕಿಟಕಿಗೆ ಮುಖ ಬರೆಸು. ಚಕ್ರ ಚೆನ್ನಾಗಿದೆ ಎಂದೂ ಹೇಳು. ಬಸ್ಸನ್ನು ಮಾತ್ರ ತಳ್ಳಬೇಡ.