ಬಾಗಿಲುಪುಸ್ತಕದ ಸಹಿ

ಬಳ್ಳಾರಿ,
ಎರಡನೆಯ ಬೇಸಿಗೆಯ ಮೂವತ್ತೆಂಟನೆಯ ದಿನ, ೨೨೧೯

ಸೈಕಲ್ ಮೇಲೆ ಬೀಟ್ ತಿರುಗುವ ಪೊಲೀಸ್ ಬಂಧುಗಳಿಗೆ ಹುಲಿಗೆಮ್ಮಳ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ, ಯಾರೋ ತಲೆಕೆಟ್ಟವಳು ಬರೆದಿದ್ದಾಳೆ ಎಂದುಕೊಳ್ಳಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ನಡುವಿನ ಇಪ್ಪತ್ತು ದಿನಗಳಿಗೆ ಮಳೆ ಬರಲಿ ಬಿಡಲಿ ಮಳೆಗಾಲವೆಂದೇ ಹೆಸರು. ನನ್ನ ಬರವಣಿಗೆಯಲ್ಲಿ ವಿಚಿತ್ರವಾದ ಪದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಠಾಣೆಯ ಹಳೆಯ ಕಡತಗಳಿಂದ ಕಲಿತವಳು, ಆದ್ದರಿಂದ ಅಲ್ಲಲ್ಲಿ ಪಂಚನಾಮೆಯ ವಾಸನೆಯೂ ಹೊಡೆಯಬಹುದು. ಆ ಕಡತಗಳ ನಡುವೆಯೇ ನಿಮ್ಮ ಫೋಟೊ ಸಿಕ್ಕಿತು. ಎಲ್ಲರೂ ಸೈಕಲ್ ಹಿಡಿದು ಸಾಲಾಗಿ ನಿಂತಿದ್ದೀರಿ. ಒಬ್ಬರಂತೂ ಯಾರೋ ಬಲವಂತಕ್ಕೆ ಹತ್ತಿಸಿದ ಹಾಗೆ ಮುಖ ಗಂಟು ಹಾಕಿಕೊಂಡಿದ್ದಾರೆ. ಈ ಕಾಗದ ನಿಮಗೆ ತಲುಪುವ ದಾರಿಯಿಲ್ಲವೆಂದು ಬಲ್ಲೆ. ಆದರೆ ಬೇರೆ ಯಾರಿಗೆ ಹೇಳಿಕೊಳ್ಳಲಿ? ನಮ್ಮ ರಾಜ್ಯದಲ್ಲಿ ಈಗ ಒಬ್ಬರೂ ಸೈಕಲ್ ಪೊಲೀಸರಿಲ್ಲ. ಅದಕ್ಕೆ ಕಾರಣ ನಾನು.

ಇಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬಿಸಿಲುಮುಚ್ಚು. ಅಂದರೆ ಯಾರೂ ಬಾಗಿಲು ತೆಗೆದು ಹೊರಗೆ ಕಾಲಿಡಬಾರದೆಂಬ ಕಾನೂನು. ಆ ಕಾವಿಗೆ ಮೋಟಾರು ಗಾಡಿಗಳ ಬ್ಯಾಟರಿ ಊದಿಕೊಳ್ಳುತ್ತದೆ, ಹಾಗಾಗಿ ಗಸ್ತಿಗೆ ಸೈಕಲ್ ಒಂದೇ ಗತಿ. ಗಾಳಿ ತುಂಬಿದರೆ ಟೈರು ಸಿಡಿಯುವುದರಿಂದ ನಾವು ತೆಂಗಿನ ನಾರು ತುಂಬುತ್ತಿದ್ದೆವು. ಹ್ಯಾಂಡಲ್ಲಿಗೆ ಒದ್ದೆ ಗೋಣಿ ಸುತ್ತಿಕೊಳ್ಳದಿದ್ದರೆ ಅಂಗೈ ಸುಲಿದುಹೋಗುತ್ತಿತ್ತು. ಮೇಲೆ ಆಕಾಶದಲ್ಲಿ ಕಾವಲುಗಣ್ಣುಗಳು ಹಾರುತ್ತವೆ. ಅವು ಮನೆಮನೆಯೊಳಗಿನ ಮೈಬಿಸಿ ಗುರುತಿಸಿ, ಎಷ್ಟು ಜೀವ ಇದೆ ಎಂದು ಹೇಳುವ ಯಂತ್ರಗಳು. ಆದರೆ ತಗಡಿನ ಮನೆಗಳಲ್ಲಿ ಗೋಡೆಯೂ ಮೈಯಷ್ಟೇ ಬಿಸಿಯಾಗಿರುವಾಗ ಅವುಗಳಿಗೆ ಗೋಡೆ ಯಾವುದು, ಮನುಷ್ಯ ಯಾರು ಎಂದು ತಿಳಿಯುವುದಿಲ್ಲ. ಅದಕ್ಕೇ ನಾವಿದ್ದೆವು.

ನಮ್ಮ ಕೆಲಸ ಬಲು ಸುಲಭ. ಪ್ರತಿ ಮನೆಯ ಹೊರಗೆ ಮೊಳೆಗೆ ಒಂದು ಬಾಗಿಲುಪುಸ್ತಕ ತೂಗುಹಾಕಿರುತ್ತಿತ್ತು. ಎರಡು ಸಲ ಬೆಲ್ ಬಾರಿಸಬೇಕು, ಒಳಗಿನವರ ದನಿ ಕೇಳಬೇಕು, ಆಮೇಲೆ ಸಹಿ. ದನಿ ಬರದಿದ್ದರೆ ಬಾಗಿಲು ಒಡೆಯುವ ಅಧಿಕಾರ ನಮಗಿತ್ತು. ನನ್ನ ಬೀಟಿನಲ್ಲಿ ನೇಕಾರ ಓಣಿಯ ಹದಿನಾಲ್ಕು ಮನೆಗಳಿದ್ದವು. ಕೊನೆಯ ಮನೆಯಲ್ಲಿ ಗೌರವ್ವ ಒಬ್ಬಳೇ ಇದ್ದಳು. ಬಾಯಿ ಜೋರು. ನಾನು ಬೆಲ್ ಬಾರಿಸಿದರೆ ಎಲ್ಲರಂತೆ 'ಇದ್ದೀನಿ' ಎನ್ನುತ್ತಿರಲಿಲ್ಲ. ಇನ್ನೂ ಸತ್ತಿಲ್ಲ, ಮುಂದಕ್ಕೆ ಹೋಗು ಎಂದು ಗದರುತ್ತಿದ್ದಳು. ನನಗೆ ಅವಳೆಂದರೆ ಇಷ್ಟವಿತ್ತು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಓಣಿಯ ಮೊದಲ ಮನೆ ಹೊಲಿಗೆಯ ಜಂಬಣ್ಣನದು. ಈ ವರ್ಷದ ಮೊದಲ ಬೇಸಿಗೆಯಲ್ಲಿ ನಾನು ಅವನ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ. ಅವನೂ ಸೊಸೆಯೂ ಒಳಗೆಳೆದುಕೊಂಡು, ನೆತ್ತಿಗೆ ನೀರು ತಟ್ಟಿ ಉಳಿಸಿದರು. ಮರುದಿನ ಹೋದಾಗ ಹದಿನಾಲ್ಕು ಪುಸ್ತಕಗಳನ್ನೂ ಅವನು ಹೊಲಿಗೆ ಮೆಷಿನ್ನಿನ ಮೇಲೆ ಜೋಡಿಸಿಟ್ಟಿದ್ದ.

"ಬಿಸ್ಲಾಗ ಯಾಕ ಸಾಯ್ತೀಯವ್ವ," ಎಂದ. "ಎಲ್ಲಾ ಇಲ್ಲೇ ತರ್ಸಿಟ್ಟೀನಿ. ಕುಂತು ಸಹಿ ಹಾಕು."

ಸೊಸೆ ಬೆಳಕು ಹರಿಯುವಾಗ ಪುಸ್ತಕಗಳನ್ನು ತಂದು, ಕತ್ತಲಾದ ಮೇಲೆ ಮತ್ತೆ ಆಯಾ ಮೊಳೆಗೆ ಸಿಕ್ಕಿಸುತ್ತಿದ್ದಳು. ಇದರಲ್ಲಿ ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ, ದೇವರಾಣೆ. ಮೊದಮೊದಲು ಸಹಿ ಹಾಕಿದ ಮೇಲೆಯೂ ದಿನ ಬಿಟ್ಟು ದಿನ ಓಣಿಯ ತುದಿಯವರೆಗೆ ಹೋಗಿ ಬರುತ್ತಿದ್ದೆ. ಆಮೇಲೆ ಅದೂ ನಿಂತಿತು. ನೆರಳಿನಲ್ಲಿ ಕೂತು ಒಂದು ಲೋಟ ಮಜ್ಜಿಗೆ ಕುಡಿದು ಹದಿನಾಲ್ಕು ಸಹಿ ಹಾಕಿದರೆ ನನ್ನ ಗಸ್ತು ಮುಗಿಯುತ್ತಿತ್ತು.

ಗೌರವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ನಾಲ್ಕನೆಯ ದಿನ ಓಣಿಗೆ ವಾಸನೆ ಬಂದಾಗಲೇ ಗೊತ್ತಾದದ್ದು. ಎರಡನೆಯ ದಿನ ಮಧ್ಯಾಹ್ನದವರೆಗೂ ಜೀವವಿತ್ತು ಎಂದು ಡಾಕ್ಟರು ಬರೆದರು. ಬಾಗಿಲುಪುಸ್ತಕದಲ್ಲಿ ಮೂರೂ ದಿನ ನನ್ನ ಸಹಿಯಿತ್ತು, ದನಿ ಕೇಳಿತು ಎಂಬ ಷರಾ ಸಮೇತ.

ವಿಚಾರಣೆಯಲ್ಲಿ ಜಂಬಣ್ಣ, ತಪ್ಪು ನಂದು ಅಂತ ಬರ್ಕೊಳ್ರಿ ಎಂದು ಕೈಮುಗಿದು ಅತ್ತ. ಸಾಹೇಬರು ಬರೆದುಕೊಳ್ಳಲಿಲ್ಲ. ಸೈಕಲ್ಲಿದ್ದರೂ ಪೊಲೀಸರು ಮನೆಗೆ ಹೋಗುವುದಿಲ್ಲವೆಂದ ಮೇಲೆ ಸೈಕಲ್ ಯಾಕೆ ಬೇಕು ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಬಾಯಿಲ್ಲ. ಹದಿನೈದು ದಿನದೊಳಗೆ ಎಲ್ಲ ಜಿಲ್ಲೆಗಳ ಸೈಕಲ್‌ಗಳನ್ನು ಗುಜರಿಗೆ ಹಾಕಿದರು. ನನ್ನ ಹಾಗೆ ಸೋಮಾರಿಯಾಗದೆ ಪ್ರತಿ ಬಾಗಿಲಿಗೂ ಹೋಗುತ್ತಿದ್ದವರ ಸೈಕಲ್ಲುಗಳೂ ಅದರಲ್ಲಿದ್ದವು. ಈಗ ತಗಡಿನ ಮನೆಗಳನ್ನು ಕಾಯಲು ಕಾವಲುಗಣ್ಣು ಮಾತ್ರ ಇದೆ. ಈ ತಿಂಗಳು ನಮ್ಮ ಊರೊಂದರಲ್ಲೇ ಹನ್ನೊಂದು ಮನೆಗಳನ್ನು ವಾಸನೆ ಬಂದ ಮೇಲೆ ತೆರೆದರು. ಇದು ಸರಿಹೋಗುತ್ತದೆ ಎಂಬ ಆಸೆ ನನಗಿಲ್ಲ. ಮುಂದಿನ ಬೇಸಿಗೆ ಇದಕ್ಕಿಂತ ಬಿಸಿಯಂತೆ.

ನಿಮ್ಮಲ್ಲಿ ಕೇಳುವುದಿಷ್ಟೆ. ಸೈಕಲ್ ಇಳಿಯಿರಿ, ಬಾಗಿಲವರೆಗೆ ನಡೆಯಿರಿ, ಒಳಗಿನವರ ದನಿ ಕೇಳುವತನಕ ನಿಲ್ಲಿರಿ. ಯಾರಾದರೂ ನಿಮ್ಮ ಮೇಲಿನ ಅಕ್ಕರೆಗೆ ಪುಸ್ತಕವನ್ನು ನೆರಳಿಗೆ ತಂದುಕೊಟ್ಟರೆ, ಅವರ ಮನಸ್ಸು ನೋಯಿಸಿಯಾದರೂ ವಾಪಸು ಕೊಡಿ.

ಒಂದು ಮಾತು ವಿಚಾರಣೆಯ ಕಡತದಲ್ಲಿ ಇಲ್ಲ. ಗೌರವ್ವನ ಎದುರುಮನೆಯ ಶರೀಫಾಬಿಯನ್ನು ಯಾರೂ ಏನೂ ಕೇಳಲಿಲ್ಲ. ನಾನೇ ಹೋಗಿ ಅವಳ ಬಾಗಿಲಲ್ಲಿ ನಿಂತೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಬಿದ್ದ ದಿನ ಮಧ್ಯಾಹ್ನ ಕೂಗಿದ್ಲವ್ವ," ಎಂದಳು. "ಪೊಲೀಸಮ್ಮ ಬಂದ್ಳೇನು ಅಂತ. ಈಗ ಬರ್ತಾಳಕ್ಕಾ, ತಡಿ ಅಂತ ನಾ ಒಳಗಿಂದ್ಲೇ ಅಂದೆ. ಆಮ್ಯಾಲೆ ದನಿ ಬರ್ಲಿಲ್ಲ. ಕತ್ಲಾದ ಮ್ಯಾಲೆ ನೀರಿಗೆ ಹೋಗಾಕಂತ ಬಾಗ್ಲು ತೆಗ್ದಾಗ ಆಕಿ ಪುಸ್ತಕ ನೋಡ್ದೆ. ಈಚೆಗೆ ಬೆಲ್ ಕೇಳ್ತಿರ್ಲಿಲ್ಲ ಖರೆ, ಆದ್ರ ನಿನ್ ಸಹಿ ಇತ್ತು. ಅದಕ್ಕ ಸುಮ್ನಾದೆ."

ಈ ಕಾಗದಕ್ಕೆ ಸಹಿ ಹಾಕುತ್ತಿಲ್ಲ. ಬರೀ ಹೆಸರು ಬರೆದಿದ್ದೇನೆ.

ಹುಲಿಗೆಮ್ಮ