ಒಂಬತ್ತನೆಯ ತರಗತಿಯ ಗೌಡರಿಗೆ ನೀವು ಕೊಟ್ಟ ಮಾತು

ನಮ್ಮೂರ ಪ್ರೌಢಶಾಲೆಯ ತಪಾಸಣೆಗೆ ಬಂದು, ಚಹಾ ಕುಡಿಯದೆ ಹೋದ ಮಾನ್ಯ ಅಧಿಕಾರಿಗಳೇ,

ಮಕ್ಕಳಿಗೆ ನಾಟಕ ಕಲಿಸುವುದರಿಂದ ‘ಯಾವುದೇ ಪರಿಣಾಮ ಕಂಡುಬಂದಿಲ್ಲ’ ಎಂದು ನೀವು ವರದಿ ಬರೆದಿರಿ. ಅದರ ದೆಸೆಯಿಂದ ಅತಿಥಿ ರಂಗಶಿಕ್ಷಕಿ ಪುಷ್ಪಲತಾ ಈ ತಿಂಗಳ ಕೊನೆಗೆ ಕೆಲಸ ಬಿಡಬೇಕಾಗಿದೆ. ಆಕೆ ನನ್ನ ತಂಗಿಯ ಮಗಳು. ಇದನ್ನು ನಾನೇ ಹೇಳಿಬಿಡುತ್ತೇನೆ, ಆಮೇಲೆ ನೀವು ಪತ್ತೆ ಹಚ್ಚುವ ಶ್ರಮ ಬೇಡ. ನಾನು ಶಾಲೆ ಕಲಿತವನಲ್ಲ. ಕಿರಾಣಿ ಪೊಟ್ಟಣದ ಕಾಗದ ಓದುತ್ತ ಅಕ್ಷರ ಕೂಡಿಸಿಕೊಂಡವನು. ಇಲ್ಲಿಯವರೆಗೆ ಬೀಗರಿಗೆ, ಅಳಿಯಂದಿರಿಗೆ ಬಿಟ್ಟರೆ ಯಾರಿಗೂ ಪತ್ರ ಬರೆದಿಲ್ಲ. ನಡುವೆ ಎಲ್ಲಾದರೂ ನಿಮ್ಮ ಆರೋಗ್ಯ ವಿಚಾರಿಸಿದರೆ ರೂಢಿಯೆಂದು ಕ್ಷಮಿಸಬೇಕು.

ಪುಷ್ಪಲತಾ ರಂಗಶಿಕ್ಷಣ ಮುಗಿಸಿ ಕುಪ್ಪೇಲೂರಿಗೆ ಮರಳಿದಾಗ ಅವಳ ತಾಯಿ ಫಕ್ಕೀರವ್ವ ಕೇಳಿದ್ದಳು: “ಊರಾಗ ಎಲ್ಲಾರೂ ಪುಕ್ಕಟ ನಾಟಕ ಮಾಡ್ತಾರ. ನಿನಗ ಯಾರವಾ ಪಗಾರ ಕೊಡಾವ್ರು?” ಕೆಲಸವೇನೋ ಸಿಕ್ಕಿತು, ನಾಟಕದ ತಾಸು ಸಿಗಲಿಲ್ಲ. ಗಣಿತದವರು ರಜೆ ಹಾಕಿದರೆ ಇವಳು, ಮೊಟ್ಟೆ ಹಂಚಲು ಇವಳು, ನಿಮ್ಮಂಥವರು ಬಂದರೆ ಸ್ವಾಗತಗೀತೆ ಹಾಡಿಸಲು ಇವಳು. ಕಾಡಿ ಬೇಡಿ ಶುಕ್ರವಾರದ ಕಡೆಯ ತಾಸು ಗಿಟ್ಟಿಸಿಕೊಂಡಳು.

ನೀವು ಬಂದದ್ದು ಅದೇ ತಾಸಿಗೆ. ಶಾಲೆಯ ಪಡಸಾಲೆಯಲ್ಲಿ ತಾಲೀಮು ನಡೆದಿತ್ತು. ಒಂಬತ್ತನೆಯ ತರಗತಿಯ ಪ್ರಿಯಾಂಕಾಳದು ಊರಗೌಡನ ಪಾತ್ರ. ಮೀಸೆ ಅಂಟಿಸಿದ್ದು ಪುಷ್ಪಲತಾ, ತಲೆಗೆ ರುಮಾಲು ಸುತ್ತಲು ಹೋದವನು ನಾನು. ನಮ್ಮ ಕಡೆ ಶಾಲೆಗೆ ಬಂದ ಸಾಹೇಬರು ಮೊದಲು ರುಮಾಲು ಎಲ್ಲಿದೆಯೆಂದು ನೋಡಿ ಕೈ ಮುಗಿಯುವುದು ವಾಡಿಕೆ. ಶಾಲಾ ಸಮಿತಿಯ ಅಧ್ಯಕ್ಷರು ಅದರ ಕೆಳಗೇ ಇರುತ್ತಾರೆ. ನೀವೂ ಬಿಸಿಲಿನಿಂದ ನೆರಳಿಗೆ ಬಂದವರು, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ ರುಮಾಲಿಗೆ ಬಾಗಿದಿರಿ.

“ನಮಸ್ಕಾರ್ರಿ ಗೌಡ್ರ.”

ಏನೇ ಆದರೂ ಪಾತ್ರ ಬಿಟ್ಟು ಹೊರಗೆ ಬರಬಾರದೆಂದು ಟೀಚರು ಕಲಿಸಿದ್ದರಲ್ಲ, ಹುಡುಗಿ ಬರಲಿಲ್ಲ. ದನಿ ದಪ್ಪ ಮಾಡಿ ಕೇಳಿದಳು: “ಮುಂಜಾನಿ ಬರ್ತೇನಂದಾವ್ರು ಈಗ ಬಂದೀರೇನ್ರಿ ಸಾಹೇಬ್ರ?”

“ರಾಣೆಬೆನ್ನೂರಾಗ ಮೀಟಿಂಗ್ ಇತ್ರಿ. ತಪ್ಪ ತಿಳೀಬ್ಯಾಡ್ರಿ.”

“ಅದಿರ್ಲಿ. ಹೆಣ್ಣಹುಡುಗ್ರ ಸಂಡಾಸಕ್ಕ ಬಾಗಲಾ ಇಲ್ಲ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ದುಪಟ್ಟಾ ಅಡ್ಡ ಹಿಡದ ನಿಂದರಬೇಕು. ಯಾವಾಗ ಹಾಕಸ್ತೀರಿ?”

“ಸೋಮವಾರ ಹಾಕಸ್ತೇನ್ರಿ ಗೌಡ್ರ, ಖರೇನ.”

ಬಾಗಿಲಿನ ಮಾತು ನಾಟಕದಲ್ಲಿ ಇರಲೇ ಇಲ್ಲ. ಮಕ್ಕಳು ಚಪ್ಪಾಳೆ ಹೊಡೆದರು, ಗೌಡರ ಮೀಸೆಯ ಒಂದು ತುದಿ ಕಿತ್ತು ಜೋತುಬಿತ್ತು, ನೀವು ಜೀಪು ಹತ್ತಿದಿರಿ.

ಪರಿಣಾಮ ಕಂಡುಬಂದಿಲ್ಲವೇ ಸ್ವಾಮಿ? ಹೆಸರು ಕೇಳಿದರೆ ನೆಲ ನೋಡುತ್ತಿದ್ದ ಹುಡುಗಿ ಅವಳು. ಆ ಬಾಗಿಲಿಗಾಗಿ ನಾವು ಹಿರಿಯರು ಹಾವೇರಿಯ ಕಚೇರಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿದರೂ ‘ನೋಡೋಣ’ ಎಂಬುದರ ಆಚೆ ಒಂದಕ್ಷರ ಸಿಗಲಿಲ್ಲ. ಅವಳಿಗೆ ವಾರದ ಹೆಸರೇ ಸಿಕ್ಕಿತು. ನಿಮ್ಮನ್ನೇ ನಿಲ್ಲಿಸಿ ಉತ್ತರ ಹೇಳಿಸಿದ ವಿದ್ಯೆಗೆ ಪರಿಣಾಮವಿಲ್ಲವೆಂದರೆ, ಪರಿಣಾಮಕ್ಕೆ ಇನ್ನೇನು ಕೊಂಬಿರುತ್ತದೆಯೇ?

ಈಗ ನನ್ನ ಬೇಡಿಕೆ. ನೀವು ಅಂದು ಕೊಟ್ಟ ಮಾತು ಖರೆಯಾಗಿದ್ದರೆ ಬಾಗಿಲು ಹಾಕಿಸಿರಿ, ಆ ಮಾತು ಹೊರಡಿಸಿದ ಟೀಚರನ್ನು ಉಳಿಸಿರಿ. ನೀವೂ ಅಭಿನಯವನ್ನೇ ಮಾಡಿದ್ದರೆ, ಭಲೇ, ಬಹಳ ಚಂದ ಮಾಡಿದಿರಿ. ಒಂದೇ ಭೇಟಿಯಲ್ಲಿ ನಿಮ್ಮನ್ನೂ ನಟರನ್ನಾಗಿಸಿದ ಟೀಚರನ್ನು ಆಗಲಾದರೂ ಉಳಿಸಲೇಬೇಕು. ಸೋಮವಾರಗಳು ಬಂದು ಹೋಗುತ್ತಿವೆ. ದುಪಟ್ಟಾ ಇನ್ನೂ ಅಡ್ಡ ಹಿಡಿದೇ ಇದೆ. ಗೌಡರು ಬರುವ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಶಾಲೆ ಬಿಡುತ್ತಾರೆ. ಆಮೇಲೆ ನಿಮ್ಮ ಮಾತನ್ನು ಯಾರಿಗೆ ಒಪ್ಪಿಸುತ್ತೀರಿ?

ಆರೋಗ್ಯ ನೋಡಿಕೊಳ್ಳಿ. ಬಿಸಿಲಿನಿಂದ ಬಂದ ಕೂಡಲೇ ಯಾರಿಗೂ ಕೈ ಮುಗಿಯಬೇಡಿ.

ಇಂತಿ,
ಒಂದು ರುಮಾಲು ಚೆನ್ನಾಗಿ ಸುತ್ತಿದ್ದಕ್ಕೆ ಸೋದರಸೊಸೆಯ ಕೆಲಸಕ್ಕೆ ಕುತ್ತು ತಂದ
ಪ್ರಭುಲಿಂಗಪ್ಪ, ಕುಪ್ಪೇಲೂರು