ಫಾಟುವಾ ಎಂದರೆ

ಶನಿವಾರ, ನವೆಂಬರ್ ೧೪

ಪ್ರೀತಿಯ ಗುಬ್ಬಿ,

ಹೇಗಿದ್ದೀಯ ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ನಿನ್ನ ಮೂರು ಕಾಗದಗಳೂ ತಲುಪಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಹೊಲಿಗೆ ಕೆಲಸ ಜಾಸ್ತಿಯಾಗಿತ್ತು, ಕಣ್ಣು ಮಂಜಾಗಿತ್ತು ಎಂದು ಸಬೂಬು ಹೇಳಬಹುದು. ಆದರೆ ಕನ್ನಡಕ ಬದಲಾಯಿಸಿ ಎಂಟು ತಿಂಗಳಾಯಿತು, ಸೂಜಿಯ ಕಣ್ಣು ಕೂಡ ಚೆನ್ನಾಗಿಯೇ ಕಾಣುತ್ತದೆ. ನನಗೆ ಬರೆಯುವ ಮನಸ್ಸಿರಲಿಲ್ಲ, ಅಷ್ಟೇ.

ಮೊದಲು ಮನೆಯ ಸುದ್ದಿ. ಕಳೆದ ಶುಕ್ರವಾರ ನಿನ್ನ ಭಾವ, ನೀನೂ ಕೆಲಸ ಮಾಡಿದ್ದ ಆ ಬೀಜ ಪರೀಕ್ಷಾ ಕೇಂದ್ರದಿಂದ ನಿವೃತ್ತರಾದರು. ಈಗ ದಿನವಿಡೀ ಮನೆಯಲ್ಲಿದ್ದು, ಕತ್ತರಿ ಎಲ್ಲಿಡಬೇಕು, ದಾರದ ಉಂಡೆ ಎಲ್ಲಿಡಬೇಕು ಎಂದು ನನಗೆ ಪಾಠ ಹೇಳುತ್ತಾರೆ. ನೀನಿದ್ದ ಹಿಂದಿನ ಕೋಣೆಗೆ ಹೊಲಿಗೆ ಯಂತ್ರ ಸಾಗಿಸಿದ್ದೇನೆ. ಅಲ್ಲಿ ಬೆಳಕು ಚೆನ್ನಾಗಿದೆ. ಆದರೆ ಅಲ್ಲಿ ಕೂತರೆ ಕೈ ಓಡುವುದಿಲ್ಲ.

ಎರಡು ವರ್ಷದ ಹಿಂದೆ, “ಕೋಣೆ ಬೇಕಾಗಿದೆ, ಬೇರೆ ಕಡೆ ನೋಡ್ಕೋ” ಎಂದೆನಲ್ಲ, ನನಗೆ ಕೋಣೆಯೇನೂ ಬೇಕಾಗಿರಲಿಲ್ಲ. ನಡೆದದ್ದನ್ನು ಇದ್ದಂತೆಯೇ ಹೇಳುತ್ತೇನೆ, ಸಿಟ್ಟು ಬಂದರೂ ಓದಿ ಮುಗಿಸು.

ಆ ವರ್ಷ ಅವರ ಕೋಟಿನ ಒಳಜೇಬು ಹರಿದಿತ್ತು. ಹೊಲಿಯಲು ತೆಗೆದುಕೊಂಡಾಗ ಒಂದು ಪುಟ್ಟ ಡೈರಿ ಸಿಕ್ಕಿತು. ತಾರೀಖಿನ ಎದುರು ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದ: ಫಾಟುವಾ. ಅದರ ಮುಂದೆ ಒಂದು ಸಂಖ್ಯೆ. ಫಾಟುವಾ ಮೂರು, ಫಾಟುವಾ ಸೊನ್ನೆ, ಫಾಟುವಾ ಹನ್ನೊಂದು. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದೇ ಸಂಖ್ಯೆ ಇನ್ನೊಂದು ಸಲ, ನಿನ್ನ ಅಕ್ಷರದಲ್ಲಿ.

“ಏನ್ರೀ ಇದು?” ಎಂದೆ. ಅವರು ಡೈರಿ ಕಿತ್ತುಕೊಂಡು, “ಕೆಲಸದ್ದು. ನಿನಗೆ ತಿಳಿಯಲ್ಲ ಬಿಡು” ಎಂದರು. ಆ “ಬಿಡು” ನನ್ನನ್ನು ಬಿಡಲಿಲ್ಲ, ಗುಬ್ಬಿ.

ಅದೇ ವಾರ ನಾನು ತಟ್ಟೆ ತರಲು ಒಳಗೆ ಹೋಗಿದ್ದಾಗ ನೀವಿಬ್ಬರೂ ಮೇಜಿನ ಮುಂದೆ ಮಾತಾಡುತ್ತಿದ್ದಿರಿ. “ಇವತ್ತು ಫಾಟುವಾ ಎಷ್ಟಮ್ಮ?” ಎಂದರು ಅವರು. “ನಾಲ್ಕು, ಭಾವ. ನೋಡೋಕೆ ಎಷ್ಟು ಸಾಚಾ ಅನ್ಸುತ್ತೆ, ಅಲ್ವಾ?” ಎಂದೆ ನೀನು. ಇಬ್ಬರೂ ನಕ್ಕಿರಿ. ನಾನು ಬಂದೊಡನೆ ನಗು ನಿಂತಿತು. ಊಟದ ಹೊತ್ತಿಗೆ ಆಫೀಸಿನ ಮಾತು ಬೇಡ ಎಂದು ಹಿಂದೊಮ್ಮೆ ರೇಗಿದ್ದವಳು ನಾನೇ. ಆಗ ಅದು ನೆನಪಿಗೆ ಬರಲಿಲ್ಲ. ನನ್ನ ಮುಖ ನೋಡಿ ಬಾಯಿ ಮುಚ್ಚಿದರಲ್ಲ ಎನ್ನುವುದಷ್ಟೇ ತಲೆಯಲ್ಲಿ ಕೂತಿತು.

ಮರುದಿನ, ಇಂಗ್ಲಿಷ್ ನಿಘಂಟಿನಲ್ಲಿ ಆ ಪದ ಸಿಗದೆ, ಮೂಲೆಯ ಔಷಧಿ ಅಂಗಡಿಯ ಅಜ್ಜನ ಹತ್ತಿರ ಹೋದೆ. ಡಾಕ್ಟರ ಚೀಟಿ ಓದಿ ಓದಿ ಲ್ಯಾಟಿನ್ ಅರೆದು ಕುಡಿದವರು. ಪದ ಬರೆದುಕೊಟ್ಟೆ. ಅವರು ಕೈ ಒರೆಸಿಕೊಂಡು, ರಟ್ಟು ಕಿತ್ತುಹೋದ ನಿಘಂಟೊಂದನ್ನು ಇಳಿಸಿದರು.

“ದಡ್ಡಿ ಅಂತ” ಎಂದರು. “ಗಂಡಸಾದರೆ ಫಾಟುವಸ್, ಹೆಂಗಸಾದರೆ ಫಾಟುವಾ. ನಮ್ಮ ದಡ್ಡ, ದಡ್ಡಿ ಇದ್ದಂಗೆ. ವಿಶೇಷಣ ನೋಡು, ಪಕ್ಕದಲ್ಲಿರೋ ಪದ ನೋಡಿ ಬಾಲ ಬದಲಾಯಿಸುತ್ತೆ.”

“ಬರೀ ದಡ್ಡಿನಾ?”

“ಸಪ್ಪೆ ಅಂತಲೂ ಆಗುತ್ತೆ. ಉಪ್ಪು ಖಾರ ಇಲ್ಲದ ಅಡುಗೆಗೆ ಇದೇ ಪದ. ನಾವೂ ಸಪ್ಪೆ ಮನುಷ್ಯ ಅನ್ನಲ್ವಾ, ಹಂಗೆ. ದಡ್ಡತನಕ್ಕೆ ಅವರಲ್ಲಿ ಇನ್ನೊಂದು ಪದ ಇದೆ, ಸ್ಟುಲ್ಟಾ. ಅದು ಬೈಗುಳ. ಇದು ಹಂಗಲ್ಲ, ಸ್ವಲ್ಪ ನಗಾಡಿಕೊಂಡು ಹೇಳೋದು. ಜೌಗು ನೆಲದಲ್ಲಿ ಕಾಣೋ ಕೊಳ್ಳಿದೆವ್ವಕ್ಕೂ ದಡ್ಡ ಬೆಂಕಿ ಅಂತಲೇ ಹೆಸರು. ಅದರ ಹಿಂದೆ ಹೋದವನು ದಾರಿ ತಪ್ಪುತ್ತಾನೆ.”

ನಾನು ಆಗಲೇ ಎದ್ದಿದ್ದೆ. “ಕೂತ್ಕೋ ತಾಯಿ, ಹೆಂಗಸಿಗೇ ಅಂತ ಏನಿಲ್ಲ, ಅವರಲ್ಲಿ ಮರಾನೂ ಹೆಣ್ಣು, ಮೇಜೂ ಹೆಣ್ಣು...” ಎಂದು ಬೆನ್ನ ಹಿಂದೆ ಹೇಳುತ್ತಲೇ ಇದ್ದರು. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಸಪ್ಪೆ ಹೆಂಗಸು, ನಗಾಡಿಕೊಂಡು ಹೇಳುವ ಮಾತು. ಮನೆಯಲ್ಲಿ ಅಂಥವಳು ಇನ್ಯಾರಿದ್ದರು?

ಆಮೇಲೆ ದಿನಾ ಕದ್ದು ಡೈರಿ ನೋಡತೊಡಗಿದೆ. ನಗಬೇಡ. ಹನ್ನೊಂದು ಎಂದಿದ್ದ ದಿನ ನಾನು ಗಿರಾಕಿಯೊಬ್ಬರ ಹೊಸ ಕೋಟಿನ ಬೆನ್ನನ್ನು ಇಸ್ತ್ರಿಯಲ್ಲಿ ಸುಟ್ಟಿದ್ದೆ. ಸೊನ್ನೆ ಇದ್ದ ದಿನ ಜ್ವರ ಬಂದು ಮಲಗಿದ್ದೆ, ಒಂದು ಮಾತೂ ಆಡಿರಲಿಲ್ಲ. ಇನ್ನೇನು ಸಾಕ್ಷಿ ಬೇಕು? ನನ್ನ ದಡ್ಡತನ ಎಣಿಸಲು ಗಂಡ ಒಬ್ಬ, ತಾಳೆ ನೋಡಲು ತಂಗಿ ಒಬ್ಬಳು ಎಂದುಕೊಂಡೆ. ನೀನು ತಲೆ ಬಾಚಿಕೊಂಡರೆ ಯಾಕೆ ಎನಿಸುತ್ತಿತ್ತು. ಅವರು ನಿನಗೆ ಕೊಡೆ ಕೊಟ್ಟು ತಾವು ನೆನೆದುಕೊಂಡು ಬಂದರೆ ತಲೆ ಒರೆಸಲು ಟವೆಲ್ ಕೂಡ ಕೊಡುತ್ತಿರಲಿಲ್ಲ. ನೀನು “ಅಕ್ಕಾ, ನಾನು ಕಾಜ ಹಾಕಿಕೊಡ್ಲಾ?” ಎಂದು ಪಕ್ಕದಲ್ಲಿ ಕೂತರೆ, ಇವತ್ತಿನ ಲೆಕ್ಕಕ್ಕೆ ಏನೋ ಹುಡುಕುತ್ತಿದ್ದಾಳೆ ಎಂದು ಬಟ್ಟೆ ಸೆಳೆದುಕೊಳ್ಳುತ್ತಿದ್ದೆ. ಒಂದು ಸಂಜೆ ತಡೆಯಲಾರದೆ ಕೋಣೆ ಖಾಲಿ ಮಾಡು ಎಂದೆ. ನೀನು ಯಾಕೆ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದನ್ನೂ ತಪ್ಪೊಪ್ಪಿಗೆ ಎಂದೇ ತಿಳಿದೆ.

ಇನ್ನು ಕಳೆದ ಶುಕ್ರವಾರದ್ದು. ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು. ಭಾಷಣವೆಲ್ಲ ಮುಗಿದ ಮೇಲೆ, ನಿನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ದಪ್ಪ ಕನ್ನಡಕದವಳು ನನ್ನನ್ನು ಪರೀಕ್ಷಾ ಕೋಣೆಗೆ ಕರೆದೊಯ್ದಳು. ಗೋಡೆಗೆ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ಸಾಲಾಗಿ ಬೀಜದ ಸೀಸೆಗಳು. ಒಂದರ ಚೀಟಿಯಲ್ಲಿ ಎರಡು ಪದ. ಎರಡನೆಯದು ಫಾಟುವಾ. ಗಾಜಿನ ಮೇಲಿಂದಲೇ ಅದಕ್ಕೆ ಬೆರಳಿಟ್ಟೆ.

“ಇದಾ? ಕಾಡು ಓಟ್ಸ್. ಕಳೆ” ಎಂದಳು. “ನೋಡೋಕೆ ಥೇಟ್ ಓಟ್ಸ್ ಥರಾನೇ, ಆದ್ರೆ ಕೊಯ್ಲಿಗೆ ಮುಂಚೇನೇ ಉದುರಿ ಹೋಗುತ್ತೆ, ಪ್ರಯೋಜನಕ್ಕಿಲ್ಲ. ಅದಕ್ಕೇ ದಡ್ಡ ಓಟ್ಸ್ ಅಂತ ಹೆಸರು. ಬಿತ್ತನೆ ಬೀಜದಲ್ಲಿ ಇದು ಎಷ್ಟಿದೆ ಅಂತ ಒಬ್ಬರು ಎಣಿಸ್ಬೇಕು, ಇನ್ನೊಬ್ಬರು ಮತ್ತೆ ಎಣಿಸ್ಬೇಕು. ನಿಮ್ಮ ಯಜಮಾನರು, ನಿಮ್ಮ ತಂಗಿ ಇಬ್ಬರದ್ದೂ ಯಾವತ್ತೂ ತಪ್ಪಿದ್ದಿಲ್ಲ ನೋಡಿ.”

ಸೀಸೆಯೊಳಗೆ ಕಂದು ಬಣ್ಣದ, ಮೈತುಂಬ ಕೂದಲಿನ, ಕೊಕ್ಕೆ ಬಾಲದ ಬೀಜಗಳು. ಇವೇ ನನ್ನ ಸಂಸಾರವನ್ನು ಎರಡು ವರ್ಷ ತಿಂದವು. ಅವಳು ನೀರು ತಂದುಕೊಟ್ಟಳು. ಸೆಕೆ ಎಂದು ಹೇಳಿದೆ.

ಮನೆಗೆ ಬಂದು ಅವರಿಗೆ ಎಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ಇಲ್ಲವೇ ಬೈಯುತ್ತಾರೆ ಎಂದು. ಎರಡೂ ಮಾಡಲಿಲ್ಲ. “ಇನ್ನೊಂದು ಸಲ ಕೇಳಿದ್ರೆ ಹೇಳ್ತಿದ್ದೆ” ಎಂದರು. ಕೇಳುವ ಧೈರ್ಯ ಇರುವವರಿಗೆ ಅನುಮಾನ ಯಾಕೆ ಬರುತ್ತದೆ, ಹೇಳು.

ಗುಬ್ಬಿ, ಕೋಣೆ ನಿನ್ನದೇ. ಯಂತ್ರವನ್ನು ನಾಳೆಯೇ ಹೊರಗೆ ಇಡಿಸುತ್ತೇನೆ. ಬರಬೇಕೆಂದು ಬಲವಂತವಿಲ್ಲ, ಬಂದರೆ ಬಾಗಿಲು ತೆರೆದಿದೆ. ಚಳಿ ಶುರುವಾಗಿದೆ, ನಿನಗೆ ಬೇಗ ಎದೆ ಕಟ್ಟುತ್ತದೆ, ಕಿವಿ ಮುಚ್ಚಿಕೊಂಡು ಓಡಾಡು. ಎಲ್ಲಿದ್ದರೂ ನಿನ್ನ ಕೈಗೆ ಒಳ್ಳೆಯ ಕೆಲಸ ಸಿಗಲಿ, ನಿನ್ನ ಸುತ್ತ ನನಗಿಂತ ಒಳ್ಳೆಯ ಮನಸ್ಸಿನವರು ಇರಲಿ.

ನಿನ್ನ,
ಅಕ್ಕ

ಮ.ವಿ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಎಲ್ಲ ಹೇಳಿದೆ ಎಂದು ಬರೆದದ್ದು ಸುಳ್ಳು. ನೀನು ಕೋಣೆ ಬಿಟ್ಟ ಮೇಲೂ ನೀವಿಬ್ಬರೂ ಹಗಲೆಲ್ಲ ಆಫೀಸಿನಲ್ಲಿ ಒಂದೇ ಕಡೆ ಇರುತ್ತೀರಲ್ಲ ಎಂದು ನನ್ನ ಮನಸ್ಸು ತಣಿಯಲಿಲ್ಲ. ನಿಮ್ಮ ಕೇಂದ್ರದ ನಿರ್ದೇಶಕರಿಗೆ ಹೆಸರು ಹಾಕದ ಒಂದು ಕಾಗದ ಬಂದಿತಲ್ಲ, ನಿಮ್ಮಿಬ್ಬರ ನಡತೆ ಸರಿಯಿಲ್ಲ, ಎಣಿಕೆಯೆಲ್ಲ ಸುಳ್ಳು ಎಂದು, ಅದನ್ನು ಬರೆದವಳು ನಾನು. ಅವರದ್ದು ಕಾಯಂ ಕೆಲಸ, ಉಳಿಯಿತು; ಹಂಗಾಮಿಯಾಗಿದ್ದ ನಿನ್ನ ಕೆಲಸ ಹೋದದ್ದು ನನ್ನಿಂದ. ಇವತ್ತು ಬೆಳಿಗ್ಗೆ ಇದನ್ನೂ ಅವರಿಗೆ ಹೇಳಿದೆ. “ಗೊತ್ತು” ಎಂದರು. ಆಮೇಲೆ, “ಅವಳಿಗೂ ಗೊತ್ತು” ಎಂದರು. ನಿರ್ದೇಶಕರು ಆ ಕಾಗದವನ್ನು ನಿನ್ನ ಮುಂದಿಟ್ಟು, “ಇದು ಯಾರ ಅಕ್ಷರ, ಹೇಳಿದರೆ ನಿನ್ನ ಕೆಲಸ ಉಳಿಯುತ್ತೆ” ಎಂದರಂತೆ. ನಿನಗೆ ಸ್ಲೇಟಿನ ಮೇಲೆ ಕೈಹಿಡಿದು ಅಕ್ಷರ ತಿದ್ದಿಸಿದವಳು ನಾನು. ನೀನು ತುಂಬ ಹೊತ್ತು ನೋಡಿ, “ನನಗೆ ಪರಿಚಯ ಇಲ್ಲ, ಸರ್” ಎಂದೆಯಂತೆ.